ಫ್ಲ್ಯಾಟ್‌ನಲ್ಲಿ ಹುಲ್ಲೇ ಇಲ್ಲ, ಎರಡು ಮೊಲಗಳನ್ನು ಖುಷಿಯಾಗಿ ಇಡೋದು ಹೇಗೆ?

ನಾಲ್ಕನೇ ಮಹಡಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆಯಲ್ಲಿ ಎರಡು ಮೊಲ ಇವೆ. ಬೆಳ್ಳಿ, ಗುಂಡ. ಬೆಳ್ಳಿ ಹೆಣ್ಣು, ಗುಂಡ ಗಂಡು, ಅವನಿಗೆ ಆಪರೇಷನ್ ಆಗಿದೆ. ಎರಡಕ್ಕೂ ಎರಡು ವರ್ಷ ದಾಟಿದೆ. ಹಾಸನದಲ್ಲಿದ್ದಾಗ ಬಾಡಿಗೆ ಮನೆಯ ಹಿಂದೆ ಒಂದಿಷ್ಟು ಹಿತ್ತಲು ಇತ್ತು. ಬೆಳಿಗ್ಗೆ ಬಿಟ್ಟರೆ ಬಿಸಿಲು ಏರುವವರೆಗೂ ಗರಿಕೆ ಮೇಯುತ್ತಾ ಇರುತ್ತಿದ್ದವು, ಸಂಜೆ ಮತ್ತೆ ಒಂದು ಸುತ್ತು, ನಾನು ಇವುಗಳ ಊಟದ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಂಡವಳಲ್ಲ. ಜನವರಿಯಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆವು. ಈಗ ಬನಶಂಕರಿ ಕಡೆ ನಾಲ್ಕನೇ ಮಹಡಿಯ ಫ್ಲ್ಯಾಟ್. ಕೆಳಗಡೆ ಇರೋದೆಲ್ಲ ಸಿಮೆಂಟು. ಇರುವ ಒಂದು ಪಟ್ಟಿ ಹುಲ್ಲಿಗೂ ತಿಂಗಳಿಗೊಮ್ಮೆ ಔಷಧಿ ಹೊಡೆಯುತ್ತಾರೆ, ಬೀದಿ ನಾಯಿಗಳೂ ಅಲ್ಲೇ.

ಅಂಗಡಿಯಲ್ಲಿ ಕೇಳಿದೆ. ಪೆಲೆಟ್ (ಗುಳಿಗೆ ಥರದ ಒಣ ತಿನಿಸು) ಹಾಕಿ ಮೇಡಂ, ಅದರಲ್ಲೇ ಎಲ್ಲಾ ಇದೆ ಅಂದರು. ಹಾಗೇ ಮಾಡುತ್ತಿದ್ದೇನೆ. ಬೆಳಿಗ್ಗೆ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು, ಮಧ್ಯೆ ಕ್ಯಾರೆಟ್. ಆದರೆ ಎರಡು ತಿಂಗಳಿಂದ ಇವು ಇವೇ ಅಲ್ಲ. ಗುಂಡ ಇಡೀ ದಿನ ಮೂಲೆ ಹಿಡಿದು ಕೂತಿರುತ್ತಾನೆ. ಬೆಳ್ಳಿ ರಾತ್ರಿ ಹನ್ನೊಂದಕ್ಕೆ ಪಂಜರದ ಕಂಬಿ ಕಚ್ಚೋಕೆ ಶುರು ಮಾಡಿದರೆ ಒಂದು ಗಂಟೆ ನಿಲ್ಲಿಸೋದಿಲ್ಲ. ಹಿಕ್ಕೆ ಮೊದಲು ಕಡಲೆಕಾಳಿನಷ್ಟು ದಪ್ಪ ಇರುತ್ತಿತ್ತು, ಈಗ ಚಿಕ್ಕದಾಗಿ ಕಪ್ಪಗೆ ಬರುತ್ತಿದೆ. ಹುಲ್ಲು ಇಲ್ಲದೆ ಕೊರಗುತ್ತಿವೆಯಾ? ವಾಪಸ್ ಹಾಸನದ ಗೆಳತಿಯ ಮನೆಗೆ ಬಿಟ್ಟುಬಿಡಲಾ ಅಂತಲೂ ಅನಿಸುತ್ತಿದೆ. ದಯವಿಟ್ಟು ಅನುಭವ ಇರುವವರು ಹೇಳಿ.

ಮಂಡ್ಯದ ಮೇವು:

ಅಕ್ಕ, ಮೊದಲು ಒಂದು ವಿಷಯ. ಮೊಲಕ್ಕೆ ಹಸಿ ಹುಲ್ಲೇ ಆಗಬೇಕು ಅಂತ ಇಲ್ಲ. ಹುಲ್ಲು ಬೇಕು, ಒಣಗಿದ್ದಾದರೂ ಸರಿ. ತಿನ್ನೋದರಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲೇ ಇರಬೇಕು. ನೀವು ಹುಲ್ಲನ್ನು ಪೂರ್ತಿ ನಿಲ್ಲಿಸಿ ಪೆಲೆಟ್‌ಗೆ ಹಾಕಿದ್ದೀರಿ, ತೊಂದರೆ ಇರೋದು ಅಲ್ಲಿ. ನಾಲ್ಕನೇ ಮಹಡಿಯ ತಪ್ಪೇನೂ ಇಲ್ಲ.

ನಮ್ಮದು ಹಾಲಿನ ಮನೆ, ಹಸು ಜೊತೆಗೆ ಆರು ಮೊಲ ಇವೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಣಹುಲ್ಲು ಅಂದ ತಕ್ಷಣ ನಮ್ಮ ಕಡೆ ಜನ ಭತ್ತದ ಹುಲ್ಲು ತಂದು ಹಾಕುತ್ತಾರೆ. ಅದು ಕಾಳು ಬಿಡಿಸಿ ಉಳಿದ ಕಡ್ಡಿ, ಸತ್ವ ಬಹಳ ಕಡಿಮೆ. ಕೆಳಗೆ ಹಾಸೋಕೆ ಚೆನ್ನ, ಹೊಟ್ಟೆಗೆ ಅದೊಂದೇ ಸಾಲದು. ರಾಗಿ ಹುಲ್ಲು ಅದಕ್ಕಿಂತ ವಾಸಿ, ಆದರೂ ಅದೂ ಕಟಾವಾದ ಮೇಲಿನ ಹುಲ್ಲೇ. ನಿಮಗೆ ಬೇಕಿರೋದು ಹಸಿರಿದ್ದಾಗಲೇ ಕೊಯ್ದು ಒಣಗಿಸಿದ ಹುಲ್ಲು. ಮೂಸಿದರೆ ಚಹಾ ಸೊಪ್ಪಿನ ಹಾಗೆ ಒಂದು ಸಿಹಿ ವಾಸನೆ ಬರಬೇಕು, ಬಣ್ಣದಲ್ಲಿ ಇನ್ನೂ ಹಸಿರು ಇರಬೇಕು. ಟಿಮೊತಿ ಅಂತ ಹೊರದೇಶದ್ದು ಸಿಗುತ್ತದೆ, ಒಳ್ಳೆಯದೇ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು ನಮ್ಮ ದೇಶದಲ್ಲೇ ಬೆಳೆದು ಒಣಗಿಸಿ ಮಾರುತ್ತಾರೆ, ಅದನ್ನು ತರಿಸಿ. ಚಿಕ್ಕ ಪ್ಯಾಕೆಟ್ ಬೇಡ, ಮೂಟೆ ಲೆಕ್ಕದಲ್ಲಿ ತಗೊಳ್ಳಿ. ಎರಡು ಮೊಲಕ್ಕೆ ಚಿಕ್ಕ ಪ್ಯಾಕೆಟ್ ಮೂರು ದಿನಕ್ಕೆ ಖಾಲಿ.

ಕುದುರೆ ಮಸಾಲೆ ಅನ್ನೋ ಮೇವಿನ ಸೊಪ್ಪು ಒಣಗಿಸಿದ್ದನ್ನೂ "ಹೇ", ಅಂದರೆ ಒಣಹುಲ್ಲು ಅಂತಲೇ ಮಾರುತ್ತಾರೆ, ನೋಡಿ ತಗೊಳ್ಳಿ. ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಜಾಸ್ತಿ. ಆರು ತಿಂಗಳೊಳಗಿನ ಮರಿಗೆ ಸರಿ, ನಿಮ್ಮದರಂಥ ದೊಡ್ಡ ಮೊಲಕ್ಕೆ ದಿನಾ ಹಾಕಬಾರದು.

ಇನ್ನು ಹಸಿ ಹುಲ್ಲು ಬೇಕೇ ಬೇಕು ಅಂದರೆ, ಬೆಂಗಳೂರಿನಲ್ಲಿ ಅದಕ್ಕೆ ಬರ ಇಲ್ಲ. ಗಣೇಶನ ಪೂಜೆಗೆ ಗರಿಕೆ ಮಾರುತ್ತಾರಲ್ವಾ? ಗಾಂಧಿ ಬಜಾರ್ ನಿಮಗೆ ದೂರವೂ ಅಲ್ಲ. ಅವರಿಗೆ ಮೊದಲೇ ಹೇಳಿಟ್ಟರೆ ಕಂತೆ ಕಟ್ಟಿ ಕೊಡುತ್ತಾರೆ. ಎಲ್ಲಿ ಕೊಯ್ದದ್ದು ಅಂತ ಕೇಳಿ, ಚೆನ್ನಾಗಿ ತೊಳೆದು ನೀರು ಬಸಿದು ಹಾಕಿ. ಹುಲ್ಲು ಕತ್ತರಿಸುವ ಮಷೀನ್‌ನಲ್ಲಿ ಕೊಚ್ಚಿ ರಾಶಿ ಹಾಕಿದ್ದು ಮಾತ್ರ ಬೇಡವೇ ಬೇಡ, ಅದು ಒಳಗೇ ಬಿಸಿಯಾಗಿ ಹುಳಿಯುತ್ತದೆ, ಮೊಲದ ಹೊಟ್ಟೆ ಉಬ್ಬರಿಸುತ್ತದೆ.

ಮತ್ತೆ ಯಾರಾದರೂ ಎಳೆ ಜೋಳದ ಮೇವು ತಂದುಕೊಟ್ಟರೆ ಹಾಕಬೇಡಿ. ಮೊಳಕಾಲುದ್ದದ ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ, ಹಸುಗಳೇ ಸಾಯುತ್ತವೆ. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು, ಊರು ಬಿಟ್ಟವರಿಗೆ ಗೊತ್ತಿರೋದಿಲ್ಲ ಅಂತ ಹೇಳಿದೆ.

ಹಳೇ ಕಾಲದವ:

ಎಲ್ಲಾ ಸರಿ, ಆದರೆ ಮಣ್ಣು ತುಳಿಯೋ ಪ್ರಾಣಿಯನ್ನು ನಾಲ್ಕನೇ ಮಹಡಿಗೆ ಯಾಕಮ್ಮಾ ಹತ್ತಿಸಬೇಕು? ನಮ್ಮೂರಲ್ಲಿ ಮೊಲ ಅಂದರೆ ಹೊಲದಲ್ಲಿ ಓಡೋದು. ಸುಮ್ನೆ ಯಾವುದಾದರೂ ತೋಪಿಗೆ ಬಿಟ್ಟುಬಿಡಿ, ಅದರ ಪಾಡಿಗೆ ಅದು ಬದುಕುತ್ತದೆ.

ಸೀಬೆ ಎಲೆ:

ಮೇಲಿನ ಸರ್, ದಯವಿಟ್ಟು ಯಾರಿಗೂ ಈ ಸಲಹೆ ಕೊಡಬೇಡಿ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಅನ್ನುತ್ತೇವೆ, ಗೊಂದಲ ಅಲ್ಲೇ ಶುರು. ನಮ್ಮ ಹೊಲದಲ್ಲಿ ಓಡುವ ಕಾಡುಮೊಲವೇ ಬೇರೆ ಜಾತಿ. ಅದು ಬಿಲ ತೋಡೋದಿಲ್ಲ, ಒಂಟಿಯಾಗಿ ಇರುತ್ತದೆ, ಅದನ್ನು ಹಿಡಿದು ಸಾಕೋದು ಕಾನೂನಿಗೂ ವಿರುದ್ಧ. ಮನೆಯಲ್ಲಿ ಸಾಕುವ ಈ ಬಿಳಿ, ಬೂದು ಮೊಲಗಳ ಮೂಲ ಸ್ಪೇನ್ ಪೋರ್ಚುಗಲ್ ಕಡೆಯದು. ಬಿಲದಲ್ಲಿ ಗುಂಪಾಗಿ ಬದುಕುವ ಪ್ರಾಣಿ. ನಮ್ಮ ತೋಪಿಗೆ ಬಿಟ್ಟರೆ ಮೊದಲ ರಾತ್ರಿಯೇ ನಾಯಿ ಬಾಯಿಗೆ.

ನಾಲ್ಕನೇ ಮಹಡಿಯವರೇ, ನಾನು ಆರು ವರ್ಷದಿಂದ ಫ್ಲ್ಯಾಟ್‌ನಲ್ಲೇ ಸಾಕುತ್ತಿದ್ದೇನೆ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹುಲ್ಲಲ್ಲ, "ಪಂಜರ". ಹಾಸನದಲ್ಲಿ ಅವಕ್ಕೆ ಹಿತ್ತಲು ಕೊಟ್ಟದ್ದು ಗರಿಕೆ ಮಾತ್ರ ಅಲ್ಲ ನೋಡಿ. ಮಣ್ಣು ಕೆದಕೋದು, ಓಡೋದು, ಬೇಲಿ ಹತ್ತಿರ ಹೋಗಿ ಮೂಸೋದು, ಕಾಗೆ ಬಂತು ಅಂತ ಕಾಲು ಬಡಿದು ಓಡಿ ಅಡಗೋದು, ಮತ್ತೆ ಹೊರಗೆ ಬಂದು ಇಣುಕೋದು, ಇದೆಲ್ಲ ಅವುಗಳ ಕೆಲಸ. ಅದೆಲ್ಲ ಹೋಗಿ ಈಗ ಎರಡು ಹೊತ್ತು ಐದೈದು ನಿಮಿಷದ ಊಟ, ಉಳಿದ ಹೊತ್ತು ಕಂಬಿ. ಹುಲ್ಲು ಮೇಯೋದು ನಿಧಾನದ ಕೆಲಸ, ದಿನದಲ್ಲಿ ಎಷ್ಟೋ ಗಂಟೆ ಅದರಲ್ಲೇ ಕಳೆಯುತ್ತದೆ. ಬಟ್ಟಲು ಪೆಲೆಟ್ ಗಬಕ್ಕನೆ ಮುಗಿಯುತ್ತದೆ. ಬೆಳ್ಳಿ ಕಂಬಿ ಕಚ್ಚದೆ ಇನ್ನೇನು ಮಾಡಬೇಕು?

ಪಂಜರದ ಬಾಗಿಲು ತೆಗೆದಿಡಿ, ಅದು ಮಲಗೋ ಜಾಗ ಆಗಲಿ. ಸಾಧ್ಯವಾದರೆ ಒಂದು ರೂಮಿನ ಅರ್ಧವನ್ನು ಅಡ್ಡ ಬೇಲಿ ಹಾಕಿ ಅವಕ್ಕೇ ಬಿಡಿ. ಆದರೆ ಮೊದಲು ವೈರ್ ಎಲ್ಲ ಮೇಲೆ ಕಟ್ಟಿ. ಇದನ್ನು ನಾನು ಎರಡು ಚಾರ್ಜರ್, ಒಂದು ರೂಟರ್ ಕಳೆದುಕೊಂಡು ಕಲಿತದ್ದು. ನೆಲ ಟೈಲ್ಸ್ ಇದ್ದರೆ ಮೊಲ ಓಡೋದಿಲ್ಲ, ಕಾಲು ಜಾರುತ್ತದೆ, ಅವುಗಳ ಪಾದದಲ್ಲಿ ನಾಯಿ ಬೆಕ್ಕಿಗಿರುವಂಥ ಮೆತ್ತೆ ಇಲ್ಲ. ಗುಂಡ ಮೂಲೆ ಹಿಡಿದಿರೋಕೆ ಇದೇ ಕಾರಣ ಇದ್ದರೂ ಇರಬಹುದು! ಹಳೇ ಜಮಖಾನ, ಗೋಣಿಚೀಲ, ಚಾಪೆ, ಏನಿದ್ದರೆ ಅದು ಹಾಸಿ.

ಕೆದಕೋಕೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್‌ನಲ್ಲಿ ಅರ್ಧ ಮಣ್ಣು ತುಂಬಿಸಿ. ಮನೆ ಗಲೀಜಾಗುತ್ತೆ ಅನ್ನುವವರು ಹರಿದ ಪೇಪರ್ ತುಂಬಿಸಬಹುದು. ನಾನು ಮಣ್ಣೇ ಹಾಕೋದು, ಪೇಪರ್ ಹಾಕಿದಾಗ ನಮ್ಮನೆಯವು ಮೂಸಿ ನೋಡಿ ನನ್ನ ಮುಖ ನೋಡಿದವು. ಮಣ್ಣಿನೊಳಗೆ ಎರಡು ಕೊತ್ತಂಬರಿ ಕಡ್ಡಿ ಹೂತಿಡಿ, ಆಮೇಲೆ ಆಟ ನೋಡಿ. ಅಮೆಜಾನ್ ಡಬ್ಬಗಳನ್ನು ಬಿಸಾಕಬೇಡಿ, ಟೇಪ್ ಮತ್ತು ಪಿನ್ ಕಿತ್ತು ಎರಡು ಕಡೆ ತೂತು ಮಾಡಿದರೆ ಅದೇ ಬಿಲ. ಎರಡು ಬಾಗಿಲು ಇರಲೇಬೇಕು, ಒಂದೇ ಬಾಗಿಲಿದ್ದರೆ ಒಂದು ಮೊಲ ಇನ್ನೊಂದನ್ನು ಒಳಗೆ ಸಿಕ್ಕಿಸುತ್ತದೆ.

ಕಚ್ಚೋಕೆ ಸೀಬೆ ಕಡ್ಡಿ ಎಲೆ ಸಮೇತ ಕೊಡಿ. ಹಲಸಿನ ಎಲೆ, ಬಿದಿರಿನ ಎಲೆ ಕೂಡ ಇಷ್ಟ. ರಾಮನಗರ, ಚನ್ನಪಟ್ಟಣ ಕಡೆ ಪರಿಚಯದವರಿದ್ದರೆ ಹಿಪ್ಪುನೇರಳೆ ಕಡ್ಡಿ ತರಿಸಿ, ನಮ್ಮನೆಯವಕ್ಕೆ ಅದು ಮೈಸೂರ್ ಪಾಕ್ ಇದ್ದ ಹಾಗೆ. ಹುಳಕ್ಕೆ ಹಾಕೋ ಸೊಪ್ಪಿಗೆ ವಿಷ ಹೊಡೆದು ತಕ್ಷಣ ಕೊಯ್ಯೋಕೆ ಆಗೋದಿಲ್ಲ, ಹುಳವೇ ಸಾಯುತ್ತದೆ, ಹಾಗಾಗಿ ಮಾರ್ಕೆಟ್ ಸೊಪ್ಪಿಗಿಂತ ನನಗೆ ಅದರ ಮೇಲೇ ನಂಬಿಕೆ. ಕಣಗಿಲೆ, ಲಂಟಾನ ಮಾತ್ರ ಹತ್ತಿರಕ್ಕೂ ತರಬೇಡಿ, ಎರಡೂ ವಿಷ.

ಇನ್ನೊಂದು. ಬಾಲ್ಕನಿಯಲ್ಲಿ ಗೋಧಿ ಹುಲ್ಲು ಬೆಳೆಸಬಹುದು. ರಾತ್ರಿ ನೆನೆಸಿ, ಅಗಲದ ಟ್ರೇಯಲ್ಲಿ ಎರಡು ಬೆರಳು ಮಣ್ಣಿನ ಮೇಲೆ ಹರಡಿ, ಒಂದು ವಾರ ಹತ್ತು ದಿನಕ್ಕೆ ಗೇಣುದ್ದ ಬರುತ್ತದೆ. ಟ್ರೇ ಸಮೇತ ಮುಂದಿಟ್ಟರೆ ಅವು ನಿಜವಾಗಿ ಮೇಯುತ್ತವೆ, ತಲೆ ಬಗ್ಗಿಸಿ ಕಿತ್ತು ತಿನ್ನೋ ಆ ಸುಖ ಬಟ್ಟಲಿನಲ್ಲಿ ಸಿಗೋದಿಲ್ಲ. ಆದರೆ ಹತ್ತು ದಿನ ಬೆಳೆದದ್ದು ಹತ್ತು ನಿಮಿಷಕ್ಕೆ ಕ್ಲೀನ್. ಇದನ್ನೇ ಊಟ ಅಂದುಕೊಳ್ಳಬೇಡಿ, ಹಬ್ಬದ ಪಾಯಸ ಅಂದುಕೊಳ್ಳಿ.

ನಾಲ್ಕನೇ ಮಹಡಿ:

ಓದಿ ನನಗೇ ನಾಚಿಕೆಯಾಯಿತು. ಟೈಲ್ಸ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಸನದ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ, ಮೇಲೆ ಚಾಪೆ ಇರುತ್ತಿತ್ತು. ಇವತ್ತೇ ಜಮಖಾನ ಹಾಸಿದೆ. ಗುಂಡ ಅರ್ಧ ಗಂಟೆ ಅನುಮಾನದಿಂದ ನೋಡಿ ಆಮೇಲೆ ರೂಮಿನ ಆ ತುದಿಗೆ ಹೋಗಿ ಬಂದ. ಒಣಹುಲ್ಲು ಸ್ಥಳೀಯ ಅಂಗಡಿಯಿಂದ ಸ್ವಲ್ಪ ತಂದೆ, ಆದರೆ ಇಬ್ಬರೂ ಮೂಸಿ ಬಿಟ್ಟರು. ಪೆಲೆಟ್ ಇವತ್ತಿನಿಂದಲೇ ಪೂರ್ತಿ ನಿಲ್ಲಿಸಿದರೆ ಹಸಿವಿಗೆ ತಿನ್ನುತ್ತವಾ?

ಪಶುವೈದ್ಯ ಮೂರನೇ ವರ್ಷ:

ಮೇಡಂ, ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ! ಮೊಲವನ್ನು ಉಪವಾಸ ಕೆಡವೋದು ಅಪಾಯ. ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆಯೇ ನಿಲ್ಲುತ್ತದೆ. ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಅದು ಎಮರ್ಜೆನ್ಸಿ, ನಾಳೆ ನೋಡೋಣ ಅನ್ನೋ ವಿಷಯ ಅಲ್ಲ. ಎರಡು ವಾರ ಹಿಡಿದು ನಿಧಾನಕ್ಕೆ ಇಳಿಸಿ. ಕೊನೆಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಒಂದು ದೊಡ್ಡ ಚಮಚ ಪೆಲೆಟ್ ಸಾಕು. ಹುಲ್ಲು ಮಾತ್ರ ಯಾವ ಹೊತ್ತಿನಲ್ಲೂ ಖಾಲಿ ಆಗಬಾರದು, ಒಂದೊಂದು ಮೊಲಕ್ಕೆ ಅದರ ಮೈಯಷ್ಟು ದೊಡ್ಡ ರಾಶಿ ದಿನಾ.

ಹುಲ್ಲು ಇಷ್ಟು ಮುಖ್ಯ ಯಾಕೆ ಅಂದರೆ ಎರಡು ಕಾರಣ. ಒಂದು ಹಲ್ಲು. ಮೊಲದ ಹಲ್ಲು ಬದುಕಿರೋವರೆಗೂ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲು ವಾರಕ್ಕೆ 2 ಮಿಲಿಮೀಟರ್‌ನಷ್ಟು. ಹುಲ್ಲನ್ನು ಅಡ್ಡಡ್ಡ ಅರೆದು ತಿಂದಾಗ ದವಡೆ ಹಲ್ಲು ಸವೆಯುತ್ತದೆ. ಪೆಲೆಟ್ ಪುಡಿ ಆಗಿಬಿಡುತ್ತದೆ, ಅಷ್ಟು ಅರೆಯೋ ಕೆಲಸವೇ ಇಲ್ಲ. ಸವೆಯದ ಹಲ್ಲು ಮುಳ್ಳಿನ ಹಾಗೆ ಬೆಳೆದು ನಾಲಿಗೆ, ಕೆನ್ನೆ ಚುಚ್ಚುತ್ತದೆ. ಆದ್ದರಿಂದ ನಿಮ್ಮವು ಹುಲ್ಲು ಮೂಸಿ ಬಿಟ್ಟದ್ದು ಬರೀ ಜಂಭ ಇರಬಹುದು, ಹಲ್ಲು ನೋವೂ ಇರಬಹುದು. ಜೊಲ್ಲು ಸುರಿಯೋದು, ಗಲ್ಲ ಒದ್ದೆ ಇರೋದು, ತುತ್ತು ಬಾಯಿಂದ ಬೀಳೋದು ಕಂಡರೆ ಡಾಕ್ಟರ್‌ಗೆ ತೋರಿಸಿ. ಕಾಣದಿದ್ದರೂ ಒಮ್ಮೆ ತೋರಿಸೋದು ಒಳ್ಳೆಯದು, ಹಿಕ್ಕೆ ಚಿಕ್ಕದಾಗಿದೆ ಅಂದಿರಲ್ಲ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ ಬೇಡ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ, ಇಲ್ಲಾ ಮೊಲ ನೋಡಿ ಅಭ್ಯಾಸ ಇರುವ ಡಾಕ್ಟರ್ ಯಾರು ಅಂತ ಫೋನ್ ಮಾಡಿ ವಿಚಾರಿಸಿ ಹೋಗಿ.

ಎರಡನೆಯದು ಕರುಳು. ನಾರು ಇದ್ದರೇ ಅದು ಸರಿಯಾಗಿ ಓಡುತ್ತದೆ. ಹಿಕ್ಕೆ ಚಿಕ್ಕದು, ಕಪ್ಪು, ಗಟ್ಟಿ ಅಂದರೆ ನಾರು ಸಾಲುತ್ತಿಲ್ಲ. ದುಂಡಗೆ, ಕಂದು ಬಣ್ಣ, ಬೆರಳಲ್ಲಿ ಒತ್ತಿದರೆ ಒಳಗೆ ಹೊಟ್ಟಿನ ಹಾಗೆ ಪುಡಿ ಆಗುತ್ತದೆ ಅಂದರೆ ಚೆನ್ನಾಗಿದೆ. ಬೆಳಗಿನ ಜಾವ ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗೆ ಅಂಟಂಟು ಬರೋದು ಬೇರೆ, ಅದನ್ನು ಅವು ತಾವೇ ಬಾಯಿ ಹಾಕಿ ತಿನ್ನುತ್ತವೆ. ಹೇಸಿಗೆ ಪಟ್ಟು ತಡೆಯಬೇಡಿ. ಹಸು ಮೆಲುಕು ಹಾಕಿದ ಹಾಗೆ ಇದು ಎರಡನೇ ಸುತ್ತಿನ ಜೀರ್ಣ.

ಹುಲ್ಲು ರೂಢಿ ಮಾಡಿಸೋಕೆ ಒಂದು ಉಪಾಯ. ಮೂತ್ರ ಮಾಡೋ ಟ್ರೇಯ ಒಂದು ತುದಿಗೆ ಹುಲ್ಲು ಇಡಿ. ಮೊಲ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ, ಅಲ್ಲಿ ಕೂತಾಗ ಬೇಜಾರಿಗಾದರೂ ಎರಡು ಎಳೆ ಬಾಯಿಗೆ ಹಾಕುತ್ತದೆ. ಒಣಗಿಸಿದ ಪುದೀನ, ಕೊತ್ತಂಬರಿ ಕೈಯಲ್ಲಿ ಉಜ್ಜಿ ಹುಲ್ಲಿಗೆ ಬೆರೆಸಿ. ಬೇರೆ ಬೇರೆ ಹುಲ್ಲು ತಂದು ನೋಡಿ, ಕೆಲವಕ್ಕೆ ದಪ್ಪ ಕಡ್ಡಿ ಇಷ್ಟ, ಕೆಲವಕ್ಕೆ ಎಲೆ.

ಸೊಪ್ಪು ದಿನಾ ಒಂದೊಂದು ಹಿಡಿ ಕೊಡಿ. ಕೊತ್ತಂಬರಿ, ಸಬ್ಬಸಿಗೆ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್‌ನ ಸೊಪ್ಪು, ತುಳಸಿ, ಇವನ್ನು ಬದಲಾಯಿಸುತ್ತಾ ಇರಿ. ಪಾಲಕ್, ದಂಟಿನ ಸೊಪ್ಪು ಅಪರೂಪಕ್ಕೆ. ಕ್ಯಾರೆಟ್ ಅಂದರೆ ಸಕ್ಕರೆ, ವಾರಕ್ಕೆ ಎರಡು ಬಿಲ್ಲೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬ್ರೆಡ್ಡು, ಬಿಸ್ಕತ್ತು ಬೇಡ.

ಹೊರಗಿನ ಹುಲ್ಲಿನ ಜೊತೆ ಉಣ್ಣೆ, ಹೇನು ಬಂದರೆ ನಾಯಿಗೆ ಹಾಕುವ ಔಷಧಿ ನೀವೇ ಹಾಕಬೇಡಿ. ಫಿಪ್ರೊನಿಲ್ ಇರುವ ಔಷಧಿ ಮೊಲಕ್ಕೆ ವಿಷ. ಹಾಗೇ ಮನೆಯಲ್ಲಿರುವ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್ ಕುಡಿಸಬೇಡಿ, ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯುತ್ತದೆ.

ಹೇಗೂ ಹೋಗುತ್ತೀರಲ್ಲ, ಬೆಳ್ಳಿಯ ಆಪರೇಷನ್ ಬಗ್ಗೆಯೂ ಕೇಳಿ. ಮೂರು ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ.

ಮಳೆ ಊರಿನಿಂದ:

ನಾನು ಇಂಗ್ಲೆಂಡ್‌ನಲ್ಲಿದ್ದೇನೆ, ಮೂಲ ಶಿವಮೊಗ್ಗ. ನಮ್ಮ ಹಿತ್ತಲಲ್ಲಿ ಹುಲ್ಲು ಬೇಕಾದಷ್ಟಿದೆ, ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಅದು ಹುಲ್ಲಲ್ಲ, ಕೆಸರು. ಅಷ್ಟು ತಿಂಗಳು ನಮ್ಮ ಮೊಲಗಳೂ ಒಣಹುಲ್ಲಿನ ಮೇಲೇ ಬದುಕೋದು, ಚೆನ್ನಾಗೇ ಇವೆ. ಇಲ್ಲಿನ ಮೊಲದ ಸಂಘದವರು ಎರಡು ಮೊಲಕ್ಕೆ ಕಡಿಮೆ ಅಂದರೂ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಸದಾ ತೆರೆದಿರಬೇಕು ಅನ್ನುತ್ತಾರೆ. ಸೀಬೆ ಎಲೆಯವರು ಹೇಳಿದ ಅರ್ಧ ರೂಮು ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ.

ನನಗೆ ಇಲ್ಲಿ ಚಳಿಯ ಚಿಂತೆ, ನಿಮಗೆ ಬಿಸಿಲಿನದ್ದು. ಮೊಲ ಬೆವರೋದಿಲ್ಲ, ಕಿವಿಯಿಂದಲೇ ಶಾಖ ಬಿಡಬೇಕು. 30 ಡಿಗ್ರಿ ದಾಟಿದರೆ ಒದ್ದಾಡುತ್ತವೆ. ಏಪ್ರಿಲ್ ಬಂತು, ಮೇಲಿನ ಮಹಡಿ ಬೇರೆ. ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಒರಗಿ ಮಲಗುತ್ತವೆ.

ಮಂಡ್ಯದ ಮೇವು:

ಅಥವಾ ಒಂದು ಹಳೇ ಮಣ್ಣಿನ ಮಡಕೆ ಅಡ್ಡ ಮಲಗಿಸಿ ಮೇಲೆ ಒದ್ದೆ ಗೋಣಿ ಹಾಕಿ. ಫ್ರಿಜ್ ಇಲ್ಲದ ನಮ್ಮ ಕೊಟ್ಟಿಗೆಯಲ್ಲಿ ಇದೇ ಏಸಿ.

ನಾಲ್ಕನೇ ಮಹಡಿ:

ನಾಲ್ಕು ವಾರ ಆಯಿತು, ಏನಾಯಿತು ಅಂತ ಹೇಳೋಣ ಅಂತ ಬಂದೆ.

ಡಾಕ್ಟರ್‌ಗೆ ತೋರಿಸಿದೆ. ಗುಂಡನ ದವಡೆ ಹಲ್ಲಿನಲ್ಲಿ ಒಂದು ಕಡೆ ಚೂಪು ಬಂದಿತ್ತು. ಅರಿವಳಿಕೆ ಕೊಟ್ಟು ಉಜ್ಜಿ ಸರಿ ಮಾಡಿದರು. ಆ ಮೂರನೇ ವರ್ಷದವರು ಹೇಳದಿದ್ದರೆ ನಾನು ಅವನು ಊರು ನೆನೆಸಿಕೊಂಡು ಕೊರಗುತ್ತಿದ್ದಾನೆ ಅಂತಲೇ ಕೂತಿರುತ್ತಿದ್ದೆ. ಎರಡು ದಿನ ಬಾಯಿಗೆ ಸಿರಿಂಜ್‌ನಲ್ಲಿ ಹಾಕಿದೆ, ಮೂರನೇ ದಿನ ತಾನೇ ಕೊತ್ತಂಬರಿ ಎಳೆದುಕೊಂಡ. ಬೆಳ್ಳಿಯ ಹಲ್ಲು ಚೆನ್ನಾಗಿದೆ, ಆಪರೇಷನ್ ಮಳೆಗಾಲದಲ್ಲಿ ಮಾಡೋಣ ಅಂದಿದ್ದಾರೆ.

ಹುಲ್ಲು ಈಗ ಮೂಟೆಯಲ್ಲಿ ತರಿಸುತ್ತಿದ್ದೇನೆ. ಮೊದಲು ತಂದದ್ದು ಹಳದಿ ಕಡ್ಡಿ, ಅದನ್ನು ಅವು ಮುಟ್ಟದೇ ಇದ್ದದ್ದೇ ಸರಿ. ಟ್ರೇ ಉಪಾಯ ಕೆಲಸ ಮಾಡಿತು. ಹಿಕ್ಕೆ ಮತ್ತೆ ಕಡಲೆಕಾಳು! ಹೀಗೆ ಹಿಕ್ಕೆ ನೋಡಿ ಖುಷಿ ಪಡುವ ದಿನ ಬರುತ್ತದೆ ಅಂದುಕೊಂಡಿರಲಿಲ್ಲ. ಗೋಧಿ ಟ್ರೇ ಮೊದಲ ಸಲ ಬೂಷ್ಟು ಹಿಡಿಯಿತು, ನೀರು ಜಾಸ್ತಿ ಹಾಕಿದ್ದೆ, ಬಿಸಾಕಿದೆ. ಎರಡನೆಯದು ಬಂತು. ಕಂಬಿ ಕಚ್ಚೋದು ನಿಂತಿದೆ, ಈಗ ರಾತ್ರಿ ಹನ್ನೊಂದಕ್ಕೆ ಮಣ್ಣಿನ ಟಬ್ ಕೆದಕುವ ಸದ್ದು. ಕೆಳಗಿನ ಮನೆಯವರು ಒಂದು ಸಲ ಬಂದು ಕೇಳಿದರು. ಟಬ್ ಕೆಳಗೆ ಗೋಣಿ ಹಾಕಿದೆ.

ನಿನ್ನೆ ಗಾಂಧಿ ಬಜಾರಿನ ಗರಿಕೆ ಅಜ್ಜಿ, "ವಾರಕ್ಕೆ ಎರಡು ಸಲ ತಗೊಂಡು ಹೋಗ್ತೀಯಲ್ಲ, ಏನು ಹರಕೆ ಮಗಾ?" ಅಂದರು. ಮೊಲಕ್ಕೆ ಅಂದರೆ ಎಲ್ಲಿ ಬೈಯುತ್ತಾರೋ ಅಂತ ಸುಮ್ನೆ ನಕ್ಕೆ. ಒಂದು ಕಂತೆ ಜಾಸ್ತಿಯೇ ಕೊಟ್ಟರು.

ಮಂಡ್ಯದ ಮೇವು:

ಹುಲ್ಲಿನ ಮೂಟೆ ಬಾಲ್ಕನಿಯಲ್ಲಿ ಇಟ್ಟಿದ್ದರೆ ಇವತ್ತೇ ಒಳಗೆ ತಗೊಳ್ಳಿ ಅಕ್ಕ, ಮಳೆ ಶುರುವಾಗೋ ಹಾಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡಬೇಡಿ, ಗೋಣಿಯಲ್ಲೋ ರಟ್ಟಿನ ಡಬ್ಬದಲ್ಲೋ ಗಾಳಿ ಆಡೋ ಹಾಗೆ ಇಡಿ. ಬೂಷ್ಟು ವಾಸನೆ ಬಂದದ್ದನ್ನು ಒಣಗಿಸಿ ಹಾಕ್ತೀನಿ ಅಂತ ಹೋಗಬೇಡಿ, ಗಿಡಕ್ಕೆ ಹಾಕಿ.